ಹಳದಿ ಗೀಟು ಬಿದ್ದ ನಟ್ಟು

ಹಗ್ಗ ಕಂಡರೆ ಹಾವು ಎನ್ನುವವರನ್ನು ನೋಡಿದ್ದೇವೆ. ನಮ್ಮ ಮೇಸ್ತ್ರಿ, ಆ ಹಾವನ್ನು ತಂದು ಬಿಟ್ಟವರು ಯಾರು ಎಂದು ಕೇಳುವ ಆಸಾಮಿ. ಅವನ ಕಾರ್ ರಿಪೇರಿ ಶೆಡ್ಡಿನಲ್ಲಿ ಒಂದು ಕಟ್ಟಳೆ ಇತ್ತು. ನಟ್ಟು ಪೂರ್ತಿ ಬಿಗಿದ ಮೇಲೆ ಮೇಸ್ತ್ರಿ ಅದರ ಮೇಲೊಂದು ಹಳದಿ ಗೀಟು ಎಳೆಯುತ್ತಾನೆ. ಗೀಟು ಬಿದ್ದ ನಟ್ಟಿಗೆ ಮತ್ತೆ ಯಾರೂ ಸ್ಪ್ಯಾನರ್ ಹಾಕುವಂತಿಲ್ಲ. ಬಣ್ಣದ ಶೀಶೆ ಸದಾ ಅವನ ಜೇಬಿನಲ್ಲೇ.

ಅಂಥವನಿಗೆ ಗಂಟುಬಿದ್ದ ಅಳಿಯನೋ, ಎದುರು ಬೀದಿಯ ಗ್ಯಾರೇಜಿನಲ್ಲಿ ಪಳಗಿದವನು. ಮಗಳ ಹಟಕ್ಕೆ ಮೇಸ್ತ್ರಿ ಅವನನ್ನು ಶೆಡ್ಡಿಗೆ ಸೇರಿಸಿಕೊಂಡನೇ ಹೊರತು ಮನಸ್ಸಿನಿಂದಲ್ಲ. ಬೇಲಿಯೇ ಎದ್ದು ಹೊಲ ಮೇಯ್ದೀತು ಎಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ.

ಟೈಲರಮ್ಮನ ಹಳೇ ಕಾರು ಬಂತು. ಮುಂದಿನ ಶಾಕ್ ಅಬ್ಸಾರ್ಬರ್, ಚಕ್ರ ಹಿಡಿದಿಡುವ ಆರ್ಮ್, ಎಲ್ಲ ಬದಲಾಗಬೇಕು. ತುಕ್ಕು ಹಿಡಿದ ಬೋಲ್ಟುಗಳು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಬಡಿದು, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಜಗ್ಗಿ ಜಗ್ಗಿ ಅಳಿಯನ ಬೆರಳ ಗಿಣ್ಣು ಸುಲಿಯಿತು. ನಾಟಕ, ಅಂದುಕೊಂಡ ಮೇಸ್ತ್ರಿ.

ಕಾರು ಜಾಕಿನ ಮೇಲಿರುವಾಗ ಆರ್ಮಿನ ನಟ್ಟನ್ನು ಕೈಯಲ್ಲಿ ತಿರುಗಿಸಿ ಬಿಡಬೇಕು. ಚಕ್ರ ನೆಲಕ್ಕೂರಿ ಭಾರ ಬಿದ್ದ ಮೇಲಷ್ಟೇ ಪೂರ್ತಿ ಬಿಗಿಯಬೇಕು. ಇಲ್ಲದಿದ್ದರೆ ಒಳಗಿನ ರಬ್ಬರು ತಿರುಚಿ ಹರಿಯುತ್ತದೆ. ಆ ಕೊನೆಯ ಬಿಗಿ ಮೇಸ್ತ್ರಿಯದು. ಅವನು ಕಾರಿನಡಿ ಮಲಗಿದ್ದಾಗ ಅಳಿಯ ಗೇಟಿನ ಬಳಿ ಬೆನ್ನು ಮಾಡಿ ನಿಂತು, ಫೋನಿನಲ್ಲಿ ನಗುತ್ತಿದ್ದ. ಯಾರ ಹತ್ತಿರ ಈ ಗುಸುಗುಸು? ಎದುರು ಗ್ಯಾರೇಜಿಗೆ ಸುದ್ದಿ ಮುಟ್ಟಿಸುತ್ತಿದ್ದಾನೋ? ಮೇಸ್ತ್ರಿಯ ಕೈ ಕೆಲಸದ ಮೇಲಿತ್ತು, ಕಣ್ಣು ಗೇಟಿನ ಮೇಲಿತ್ತು.

ಮರುದಿನ ಮಧ್ಯಾಹ್ನ ಟೈಲರಮ್ಮ ವಾಪಸು ಬಂದರು. "ಏನ್ ಮೇಸ್ತ್ರಿ, ಹಳ್ಳ ಸಿಕ್ಕಿದಾಗೆಲ್ಲ ಕಟಕಟ ಅಂತಿದೆ. ಜೀವ ಬಾಯಿಗೆ ಬಂದಿತ್ತು."

ಬುತ್ತಿ ತಂದಿದ್ದ ಮಗಳ ಎದುರೇ ಮೇಸ್ತ್ರಿ ಅಳಿಯನತ್ತ ತಿರುಗಿದ. "ಅಳಿಯಂದಿರೇ, ನಿಮ್ಮ ಕೈಚಳಕ ಕಂಡಾಯ್ತು. ನಾಳೆಯಿಂದ ಎದುರು ಬೀದಿಗೇ ಹೋಗಿ."

ಮಗಳು ಬುತ್ತಿಯನ್ನು ಕುಕ್ಕಿದಳು. "ಅವರು ಹೋದ್ರೆ ನಾನೂ ಈ ಕಡೆ ತಲೆ ಹಾಕಲ್ಲ, ಅಪ್ಪ."

"ನಿನ್ನೆ ಫೋನಲ್ಲಿ ಯಾರ ಹತ್ರ ನಗ್ತಿದ್ದ, ಕೇಳು."

"ನನ್ನ ಹತ್ರಾನೇ. ಊಟಕ್ಕೇನು ತರ್ಲಿ ಅಂತ ಕೇಳಿದ್ದೆ."

ಸುಳ್ಳು, ಇಬ್ಬರೂ ಸೇರಿದ್ದಾರೆ, ಎಂದುಕೊಂಡು ಮೇಸ್ತ್ರಿ ಸಾಕ್ಷಿ ಹುಡುಕಲು ಟಾರ್ಚು, ಕೊಳೆ ಒರೆಸಲು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ಹಿಡಿದು ಕಾರಿನಡಿ ನುಸುಳಿದ. ಎಡಗಡೆಯ ಆರ್ಮಿನ ನಟ್ಟು ಬೆರಳಿಗೇ ತಿರುಗಿತು. ಅದರ ಮೇಲೆ ನೀಟಾದ, ಸ್ಪ್ಯಾನರ್ ತಾಗಿ ಕೆರೆಯದ ಹಳದಿ ಗೀಟು ಇತ್ತು. ನಿನ್ನೆ ಗೇಟು ನೋಡುತ್ತ, ಬಿಗಿಯುವ ಮೊದಲೇ ತಾನೇ ಎಳೆದ ಗೀಟು.

ಕೈಯಲ್ಲಿ ಪೆಟ್ರೋಲಿನ ಬಟ್ಟೆ ಇತ್ತು. ಒಂದು ಸಲ ಉಜ್ಜಿದರೆ ಗೀಟು ಮಾಯ, ಆಮೇಲೆ ನಟ್ಟು ಸಡಿಲಿಸಿದ್ದು ಅಳಿಯನೇ ಎಂದುಬಿಟ್ಟರೆ ತಪ್ಪು ಅವನದು. ಬಟ್ಟೆ ನಟ್ಟಿನವರೆಗೂ ಹೋಯಿತು. ಆಚೆ ಮಗಳ ಚಪ್ಪಲಿ ಗೇಟಿನ ಕಡೆ ತಿರುಗುವುದು ಕಂಡಿತು. ಮೇಸ್ತ್ರಿ ಬಟ್ಟೆಯನ್ನು ಪಕ್ಕಕ್ಕೆ ಎಸೆದ.

"ಅಳಿಯಂದಿರೇ, ಒಳಗೆ ಬನ್ನಿ. ಟಾರ್ಚ್ ಹಿಡೀರಿ."

ಅಳಿಯ ಪಕ್ಕದಲ್ಲಿ ಮಲಗಿ ನೋಡಿದ. ನಟ್ಟನ್ನು ಬೆರಳಲ್ಲಿ ತಿರುಗಿಸಿದ.

"ಹಳದಿ ಬಿದ್ದಿತ್ತಲ್ಲ ಮಾವ," ಎಂದ. "ಅದಕ್ಕೇ ನಾನು ಮುಟ್ಲಿಲ್ಲ."

ಮೇಸ್ತ್ರಿ ಮಲಗಿದಲ್ಲಿಂದಲೇ ಜೇಬಿನ ಶೀಶೆ ತೆಗೆದು ಅವನ ಸುಲಿದ ಕೈಯಲ್ಲಿಟ್ಟ. "ಇನ್ಮೇಲೆ ಗೀಟು ನೀವು ಎಳೀರಿ. ಬಿಗಿ ನಂದೇ ಆದ್ರೂ ಸರಿ, ಸ್ಪ್ಯಾನರ್ ಹಾಕಿ ನೋಡಿ ಎಳೀರಿ."