‘ಮರ್ಜ್ ಇಂಟು’ ಅಂದರೆ...

ಹಳೆಯ ಸೀರೆಗಳ ಅಡಿಯಿಂದ ನೋಟುಪುಸ್ತಕ ತೆಗೆದಾಗ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಪುಟಗಳ ತುಂಬ ನನ್ನ ಸೊಟ್ಟ ಇಂಗ್ಲಿಷ್ ಅಕ್ಷರ, ಅಂಚಿನಲ್ಲಿ ಹಸಿರು ಶಾಯಿಯ ತಿದ್ದುಪಡಿ. ತಿದ್ದಿದವರು ನಮ್ಮ ಶಾಲೆಯ ಇಂಗ್ಲಿಷ್ ಅಕ್ಕೋರು. ನಮ್ಮ ಕಡೆ ಶಿಕ್ಷಕಿಯರನ್ನು ಹಾಗೆಯೇ ಕರೆಯುವುದು.

ಕಿರವತ್ತಿಯ ಆ ಸಣ್ಣ ಖಾಸಗಿ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಇಂಗ್ಲಿಷ್ ಎಂದರೆ ಹೆದರಿಕೆ. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಮೇಲೆ ಅಕ್ಕೋರು ನನಗೆ ದಿನಕ್ಕೊಂದು ಪದಗುಚ್ಛ ಹೇಳಿಕೊಡುತ್ತಿದ್ದರು. ಕ್ರಿಯಾಪದದ ಬೆನ್ನಿಗಿರುವ ಸಣ್ಣ ಪದವನ್ನು ಕಡೆಗಣಿಸಬಾರದು, ಅರ್ಥ ಇರುವುದೇ ಅಲ್ಲಿ ಎನ್ನುತ್ತಿದ್ದರು. ‘ಮರ್ಜ್’ ಮಾತ್ರ ನನಗೆ ಎಷ್ಟು ಸಲ ಹೇಳಿದರೂ ತಪ್ಪುತ್ತಿತ್ತು.

“ಎರಡು ಹಳ್ಳ ಕೂಡಿ ಹರಿದ್ರೆ ‘ಮರ್ಜ್ ವಿತ್’. ಹಳ್ಳ ಹೋಗಿ ಬೇಡ್ತಿ ಹೊಳೆಗೆ ಸೇರಿದ್ರೆ ‘ಮರ್ಜ್ ಇಂಟು’. ಆಮೇಲೆ ಹಳ್ಳದ ಹೆಸ್ರು ಇರೂದಿಲ್ಲ,” ಎಂದರು ಒಂದು ದಿನ. ಮತ್ತೆ ಮರೆಯಲಿಲ್ಲ.

ಪರೀಕ್ಷೆ ಮುಗಿಯುವ ಹೊತ್ತಿಗೆ ಆಡಳಿತ ಮಂಡಳಿಯಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬಂತು. ಪಾಲಕರ ಒಪ್ಪಿಗೆಯ ಸಹಿ ಬೇಕಿತ್ತು. ಬಂದವರು ಢಾಬಾದಲ್ಲಿ ರೊಟ್ಟಿ ತಟ್ಟುವವರು, ಕಾಡಿನ ಕೆಲಸಕ್ಕೆ ಹೋಗುವವರು. ನಮ್ಮ ಶಾಲೆಯೂ ಯಲ್ಲಾಪುರದ ಶಾಲೆಯೂ ಇನ್ನು ಕೂಡಿ ಕೆಲಸ ಮಾಡುತ್ತವೆ, ಅಷ್ಟೇ ಎಂದು ಅಕ್ಕೋರು ಅವರಿಗೆ ವಿವರಿಸಿದರು. ಪಕ್ಕದಲ್ಲಿದ್ದ ನನಗೆ ಪತ್ರದ ಆ ಸಾಲು ಕಾಣುತ್ತಿತ್ತು. ‘ಮರ್ಜ್’ ಮುಂದೆ ಇದ್ದದ್ದು ‘ಇಂಟು’.

ಒಬ್ಬ ತಾಯಿ ನನ್ನತ್ತ ತಿರುಗಿದಳು. “ನೀವ್ ಹೇಳ್ರಿ ಅಕ್ಕೋರೆ, ಸಹಿ ಮಾಡ್ಲೇನ್ರಿ?”

ಕಲಿಸಿದವರೇ ಹಾಗೆನ್ನುವಾಗ ನಾನೇ ತಪ್ಪು ತಿಳಿದಿರಬೇಕು ಅನ್ನಿಸಿತು... ಮಾಡಿ ಎಂದೆ.

ಜೂನ್‌ನಲ್ಲಿ ನಮ್ಮ ಶಾಲೆಯ ಬಾಗಿಲು ತೆರೆಯಲಿಲ್ಲ. ದಿನವೂ ಬಸ್ಸಿನಲ್ಲಿ ಯಲ್ಲಾಪುರಕ್ಕೆ ಹೋಗಲಾಗದ ಚಿಕ್ಕ ಮಕ್ಕಳು ಮನೆಯಲ್ಲೇ ಉಳಿದರು. ನನ್ನ ಕೆಲಸ ಹೋಯಿತು. ಅಕ್ಕೋರು ಮಾತ್ರ ಯಲ್ಲಾಪುರದ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾರೆಂದು ತಿಳಿಯಿತು. ಹೋಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಪತ್ರ ಬಂದ ದಿನವೇ ನಿಮಗೆ ಗೊತ್ತಿತ್ತೇ ಎಂದು ಕೇಳಿದೆ.

ಅವರು ತಿದ್ದುತ್ತಿದ್ದ ಪುಸ್ತಕದಿಂದ ತಲೆ ಎತ್ತಲಿಲ್ಲ. “ಇಲ್ಲಿ ಟೀಚರ್ ಜಾಗ ಇದ್ದದ್ದು ಒಂದೇ ಮಾರಾಯ್ತಿ. ಸಹಿ ಮಾಡಿಸಿ ಕೊಟ್ರೆ ನಂಗೇ ಅಂದಿದ್ರು.”

ಆಮೇಲೆ ನಾವು ಮಾತಾಡಲಿಲ್ಲ.

ಹೋದ ತಿಂಗಳು ಅಕ್ಕೋರು ಶಿರಸಿಯಲ್ಲಿ ತೀರಿಕೊಂಡರು. ಸುದ್ದಿ ಕೇಳಿ ಬಸ್ ನಿಲ್ದಾಣದವರೆಗೆ ಹೋದವಳು ವಾಪಸ್ ಬಂದೆ. ಅಷ್ಟು ತಾಳ್ಮೆಯಿಂದ ನನಗೆ ಬೇರೆ ಯಾರೂ ಏನನ್ನೂ ಕಲಿಸಿಲ್ಲ. ಅವರನ್ನು ಕೇಳಬೇಕಾದದ್ದು ಒಂದು ಉಳಿದೇ ಹೋಯಿತು. ಸಹಿ ಮಾಡಿಸಿದ ಆ ದಿನ ನಾನು ಪಾಠ ಮರೆತಿರುತ್ತೇನೆ ಎಂದುಕೊಂಡಿದ್ದರೋ, ನೆನಪಿದ್ದರೂ ಎದುರು ಮಾತಾಡಲಾರೆ ಎಂದುಕೊಂಡಿದ್ದರೋ...