ಕಸ್ತೂರಿಗೆ ಬಲಕ್ಕ ಬಿದ್ದ ಹೂವು

ಕಸ್ತೂರಿ ಕಣ್ಣು ಮುಚ್ಚಿ ತಗಿಯೂದರಾಗ ದೇವರ ಬಲಗಡೆ ಹೂವು ಬಿತ್ತು.

ಆಮ್ಯಾಲೆ ನನ್ನ ಪಾಳಿ. ಕುಂತೆ, ಕುಂತೆ... ಬೀಳಲೇ ಇಲ್ಲ.

ಕಸ್ತೂರಿ ಅಂದ್ರ ಬೈಲಹೊಂಗಲದಾಗ ನಮ್ಮ ಬಾಜೂ ಮನಿಯಾಕಿ. ಆಕಿ ಗಂಡಗೂ ನಮ್ಮ ಮನಿಯವರಿಗೂ ಗುಟ್ಕಾ ಚಟ. ಇಬ್ಬರಿಗೂ ಬಾಯಾಗ ಬಿಳಿ ಕಲೆ ಎದ್ದಿತ್ತು, ಇಬ್ಬರನ್ನೂ ಕೂಡೇ ಬೆಳಗಾವಿಗೆ ಕರ್ಕೊಂಡು ಹೋಗಿದ್ವಿ.

ಡಾಕ್ಟರ್ ಬಾಯಾಗಿಂದ ಸಣ್ಣ ತುಣುಕು ತಗದು ಟೆಸ್ಟಿಗೆ ಕಳಿಸಿದ್ರು. ಕ್ಯಾನ್ಸರ್ ಐತೋ ಇಲ್ಲೋ ಅದರಾಗ ಗೊತ್ತಾಗತೈತಿ, ಫೋನ್ ಮಾಡ್ತೀವಿ ಅಂದ್ರು.

ಮನ್ಯಾಗ ಕುಂತ್ರ ಜೀವ ನಿಲ್ಲವಲ್ದು. ಅದಕ್ಕ ಸೋಮವಾರ ಇಬ್ಬರೂ ಬಸ್ ಹತ್ತಿ ನೇಸರಗಿ ಕಡೆ ಒಂದು ಹಳ್ಳಿಗೆ ಹೋದ್ವಿ. ಅಲ್ಲೆ ವೀರಭದ್ರ ದೇವರ ಮುಂದ ಕುಂತು ಹೂ ಕೇಳ್ತಾರ.

ಪೂಜಾರಿ ಅಜ್ಜಾರು ಹೂವಾ ನೀರಾಗ ಅದ್ದಿ ದೇವರ ಎರಡೂ ಭುಜಕ್ಕ ಅಂಟಸ್ತಾರ. ಬಲದ್ದು ಬಿದ್ರ ಚಲೋ ಆಗತೈತಿ, ಎಡದ್ದು ಬಿದ್ರ ಇಲ್ಲ. ಎರಡೂ ಬೀಳಲಿಲ್ಲಂದ್ರ ಮತ್ತ ಬರಬೇಕು.

ಮೊದಲ ಅಜ್ಜಾರು, "ಯಾರ ಹೆಸರಲೆ ಕೇಳ್ತಿ ಯವ್ವಾ?" ಅಂತಾರ. ಕಸ್ತೂರಿ ತನ್ನ ಗಂಡನ ಹೆಸರು ಪಟ್ಟನ ಹೇಳಿದ್ಲು.

ನಾನು "ನಮ್ಮ ಮನಿಯವರ ಹೆಸರಲೆ" ಅಂದೆ. ಲಗ್ನ ಆದಾಗಿಂದ ಅವರ ಹೆಸರು ನನ್ನ ಬಾಯಾಗ ಬಂದಿಲ್ರಿ, ನಮ್ಮತ್ತಿಯವರು ಹಂಗ ಕಲಿಸ್ಯಾರ.

ಕಸ್ತೂರಿ ಕುಂತಾಗ ಮ್ಯಾಲೆ ಫ್ಯಾನ್ ತಿರಗತಿತ್ತು. ನಾ ಕುಂತೆ, ಕರೆಂಟ್ ಹೋತು. ಕರೆಂಟ್ ಬಂದ ಮ್ಯಾಲೂ ಫ್ಯಾನ್ ಬಂದ್ ಇತ್ತು, "ಅಜ್ಜಾರ, ಸೆಕಿ ಭಾಳ ಐತಿ, ಫ್ಯಾನ್ ಹಚ್ರಿ" ಅಂದೆ.

ಅಜ್ಜಾರು ನನ್ನ ಮಾರಿ ನೋಡಿದ್ರು. "ನಿನಗ ದೇವರು ಹೇಳಬೇಕೋ, ಫ್ಯಾನ್ ಹೇಳಬೇಕೋ?" ಅಂದ್ರು. ಹಿಂದ ಕುಂತವರೆಲ್ಲ ನಕ್ಕರು, ಕಸ್ತೂರಿನೂ ನಕ್ಕಳು.

ಆವತ್ತ ಹೊತ್ತಿದ್ದು ನೋಡ್ರಿ ನನ್ನ ಹೊಟ್ಟಿ.

ನಾಕ ದಿನಕ್ಕ ಆಕಿಗೆ ಡಾಕ್ಟರ್ ಫೋನ್ ಬಂತು. ಏನೂ ಇಲ್ಲ, ಗುಟ್ಕಾ ಬಿಡಸ್ರಿ ಸಾಕು ಅಂದ್ರಂತ. ನಮಗೂ ಫೋನ್ ಬಂತು... ತುಣುಕಿನ್ಯಾಗ ಸರಿಯಾಗಿ ತಿಳಿವಲ್ದು, ಮತ್ತೊಮ್ಮೆ ತಗದು ಕಳಿಸಬೇಕು, ಕಾಯ್ರಿ ಅಂದ್ರು.

ಸಂಜಿಕ ಕಸ್ತೂರಿ ಗೋದಿ-ಬೆಲ್ಲದ ಮಾದ್ಲಿ ಮಾಡ್ಕೊಂಡು ಬಂದ್ಲು. ಮ್ಯಾಲೆ ತುಪ್ಪ ಬ್ಯಾರೆ ಸುರುವಿದ್ಲು. ನಾ ಒಂದು ತುತ್ತೂ ತಿನ್ನದ ಮುಚ್ಚಿಟ್ಟೆ.

ಯಾಕ ಅಂತೀರಿ? ಆಕಿ ಗಂಡ ನಮ್ಮವರಕಿಂತ ಹೆಚ್ಚಿಗಿ ಗುಟ್ಕಾ ತಿಂತಿದ್ದ. ಶ್ರಾವಣ ಪೂರ್ತಿ ಒಪ್ಪತ್ತು ಇದ್ದಾಕಿ ನಾನು, ದಿನಾ ಲಿಂಗಪೂಜಿ ಮಾಡಾಕಿ ನಾನು. ಆಕಿ ಸೋಮವಾರನೂ ಮುಂಜಾನೆ ಎದ್ದು ಮೊದಲ ಚಾ ಕುಡೀತಾಳ.

ದೇವರಿಗೆ ಇದು ಕಾಣೂದಿಲ್ಲೇನು? ಕಂಡೂ ಸುಮ್ಮನ ಕುಂತಾನೇನು? ದೇವರ ಜಗಲಿ ಮುಂದ ನಿಂತು ಬೈದೇನ್ರಿ, ಸುಳ್ಳ ಯಾಕ ಹೇಳ್ಲಿ.

ಕಸ್ತೂರಿ ಜೋಡಿ ಮಾತು ಕಡಿಮಿ ಮಾಡಿದೆ. ಆಕಿ ಮನ್ಯಾಗಿಂದ ನಗೂ ಸಪ್ಪಳ ಬಂದ್ರ ಕಿಡಕಿ ಹಾಕ್ಕೊಂತಿದ್ದೆ. ಆಕಿ ಗಂಡಗೂ ಏನರ ಆಗಿದ್ರ... ಅನ್ನೂತನಾ ಹೋಗಿತ್ತು ನನ್ನ ಮನಸು. ಪೂರಾ ಬರಿಯಾಕ ಕೈ ಬರವಲ್ದು.

ಮನಿಯವರು ಎರಡನೇ ಸಲ ಬೆಳಗಾವಿಗೆ ಹೋಗಿ ತುಣುಕು ಕೊಟ್ಟು ಬಂದ್ರು. ಬಾಯಿ ನೋವಿಗೆ ರೊಟ್ಟಿ ಹಾಲಾಗ ನೆನಸಿ ತಿಂತಿದ್ರು, ನನ್ನ ಮುಂದ ಏನೂ ತೋರಸ್ಲಿಲ್ಲ.

ಅವರನ್ನ ಹಂಗ ನೋಡ್ಕೊಂತ ಕುಂತಾಗ ನನಗ ಒಂದು ವಿಚಾರ ಬಂತು. ನಾ ಹೆಸರ ಹೇಳಿಲ್ಲ, ದೇವರಿಗೆ ಯಾರಂತ ಹೆಂಗ ಗೊತ್ತಾಗಬೇಕು? ಈ ಸಲ ಹೋಗಿ ಹೆಸರು ಹಿಡಿದ ಕೇಳ್ತೇನಿ, ಅತ್ತಿಯವರು ಏನರ ಅನ್ಲಿ, ಅನ್ಕೊಂಡೆ.

ಈ ಸೋಮವಾರ ಯಾರಿಗೂ ಹೇಳದ ಬಸ್ ಹತ್ತಿದೆ. ಕಸ್ತೂರಿಗಂತೂ ಹೇಳಲೇ ಇಲ್ಲ.

ಗುಡಿ ಹೊಸ್ತಲಾ ದಾಟ್ತೇನಿ... ಒಳಗ ದೇವರ ಮುಂದ ಕಸ್ತೂರಿ ಕುಂತಾಳ.

ಎಲ್ಲಾ ಸಿಕ್ಕ ಮ್ಯಾಲೂ ಈಕಿಗೆ ಇನ್ನೇನು ಬೇಕಾಗೇತಿ ಅಂತ ಅಲ್ಲೇ ಕಂಬದ ಹಿಂದ ನಿಂತೆ.

"ಹೋದ ಸೋಮವಾರನೂ ಬಂದಿದ್ದೆಲ್ಲ ಯವ್ವಾ?" ಅಂದ್ರು ಅಜ್ಜಾರು.

"ಬೀಳೂತನಾ ಬರತೇನ್ರಿ ಅಜ್ಜಾರ."

"ಯಾರ ಹೆಸರಲೆ?"

"ಈರಣ್ಣ ಅಂತ್ರಿ. ನಮ್ಮ ಬಾಜೂ ಮನಿ ಅಕ್ಕನ ಗಂಡ. ಅಕ್ಕ ಗಂಡನ ಹೆಸರು ಹೇಳಂಗಿಲ್ಲ, ಅದಕ್ಕ ನಾ ಹೇಳಾಕ ಬಂದೇನಿ."

ಈರಣ್ಣ. ನಮ್ಮ ಮನಿಯವರು.

ಹೂವು ಬಿತ್ತೋ ಇಲ್ಲೋ ನಾ ನೋಡ್ಲಿಲ್ರಿ. ಹೊರಗ ಬಂದು ಕಟ್ಟಿ ಮ್ಯಾಲೆ ಕುಂತು ಸೆರಗು ಬಾಯಿಗೆ ಹಿಡ್ಕೊಂಡು ಅತ್ತೆ.

ಆಕಿ ಹೊರಗ ಬಂದ್ಲು, ನನ್ನ ಕಂಡು ಗಾಬರಿ ಆದ್ಲು. "ಯಾವಾಗ ಬಂದ್ರಿ ಅಕ್ಕಾ? ಹೇಳಿದ್ರ ಕೂಡೇ ಬರತಿದ್ವೆಲ್ಲ" ಅಂದ್ಲು. ನಾ ಕಣ್ಣು ಒರಸ್ಕೊಂಡು ಎದ್ದೆ. ಬಸ್ಸಿನ್ಯಾಗ ಬಾಜೂ ಬಾಜೂ ಕುಂತು ಊರಿಗೆ ಬಂದ್ವಿ.

ಡಾಕ್ಟರ್ ಫೋನ್ ಇನ್ನೂ ಬಂದಿಲ್ಲ. ಏನ್ ಹೇಳ್ತಾರೋ ಗೊತ್ತಿಲ್ಲ.

ಹೊಟ್ಟಿಕಿಚ್ಚೂ ಪೂರಾ ಹೋಗಿಲ್ರಿ. ಮೊದಲ ಆಕಿ ನಸೀಬದ ಮ್ಯಾಲೆ ಇತ್ತು, ಈಗ ಆಕಿ ಮನಸಿನ ಮ್ಯಾಲೆ ಆಗೇತಿ. ಅಂಥಾ ಮನಸು ನನಗ್ಯಾಕ ಕೊಡ್ಲಿಲ್ಲ ದೇವರು ಅಂತ.

ಆದ್ರ ದೇವರನ್ನ ಬಯ್ಯೂದು ಬಿಟ್ಟೇನಿ. ನಾ ಕಿಡಕಿ ಹಾಕ್ಕೊಂಡು ಕುಂತಾಗ, ಆತ ಕಸ್ತೂರಿನ್ನ ಸೋಮವಾರಕ್ಕೊಮ್ಮೆ ನೇಸರಗಿ ಬಸ್ ಹತ್ತಸಾಕತ್ತಿದ್ದ.

ನೀವು ಯಾರನ್ನ ನೋಡಿ ಹೊಟ್ಟಿ ಉರಕೊಂಡಿರ್ತೀರಿ, ಅವರೇ ನಿಮ್ಮ ಸಲುವಾಗಿ ದೇವರ ಮುಂದ ಕುಂತದ್ದು ಎಂದಾದ್ರೂ ಕಂಡೀರೇನು?