ಮಗ್ಗಕ್ಕೊಂದು ಒದೆ

ಕೊಳ್ಳೇಗಾಲ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಶಾಲೆ ಬಿಡಿಸಿ ನನ್ನನ್ನು ಮನೆಯ ರೇಷ್ಮೆ ಮಗ್ಗಕ್ಕೆ ಕೂರಿಸಿದ್ದರು. "ಕೈ ಮುಗ್ದು ಕೂತ್ಕೊ, ಚಿಕ್ಕೋಳು ನೋಡ್ತಾವ್ಳೆ," ಎಂದು ಅವ್ವ ದಿನವೂ ತಂಗಿಯ ಕಡೆ ಕೈ ತೋರಿಸಿ ಹೇಳುತ್ತಿದ್ದಳು. ನಾನು ಮಗ್ಗಕ್ಕೆ ಕೈ ಮುಗಿಯುತ್ತಿದ್ದೆ. ಅವ್ವ ಅತ್ತ ತಿರುಗಿದ ಮೇಲೆ ಅದರ ಕಂಬಕ್ಕೆ ಒಂದು ಒದೆ ಕೊಟ್ಟು, ಮಗ್ಗದ ಕೆಳಗೆ ತುಳಿಯಲು ತೋಡಿದ್ದ ಗುಂಡಿಯೊಳಗೆ ಕಾಲಿಳಿಸುತ್ತಿದ್ದೆ. ಶಾಲೆ ತಪ್ಪಿಸಿದ ಸಿಟ್ಟು ಅದು.

ಎರಡು ವರ್ಷ ಕಳೆದು ತಂಗಿಯ ಸರದಿ ಬಂತು. ಮೊದಲ ದಿನ ಅವಳು ಕಣ್ಣು ಮುಚ್ಚಿ ಕೈ ಮುಗಿದಳು. ಆಮೇಲೆ ಅಷ್ಟೇ ಭಕ್ತಿಯಿಂದ ಕಂಬಕ್ಕೆ ಒದ್ದಳು. ಅವ್ವ ಹೌಹಾರಿದಳು.

"ಅಕ್ಕ ದಿನಾ ಇಂಗೇ ಮಾಡದು ಕಣವ್ವ," ಎಂದಳು ತಂಗಿ.

ಅಂದಿನಿಂದ ನಾನು ಒದೆಯುವುದನ್ನು ಬಿಟ್ಟೆ. ಅವಳು ಬಿಡಲಿಲ್ಲ. ಒದೆಯದೆ ಕೂತರೆ ಎಳೆ ಹರಿಯುತ್ತದೆ ಎನ್ನುತ್ತಿದ್ದಳು.